ಎರಡು ನಕ್ಷೆ

ಪ್ರತಿ ಮನೆಗೂ ನಾನು ಎರಡು ನಕ್ಷೆ ಬರೆಯುತ್ತೇನೆ.
ಒಂದು ಪಾಲಿಕೆಗೆ, ಒಂದು ಮೇಸ್ತ್ರಿಗೆ.

ಪಾಲಿಕೆಯ ನಕ್ಷೆಯಲ್ಲಿ
ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಮೂರಿಂಚು ಬಯಲು.
ಅಲ್ಲಿ ಗಾಳಿ ಓಡಾಡುತ್ತದೆ,
ಅಡುಗೆಮನೆ ಕಿಟಕಿಗೆ ಬೆಳಕು ಬೀಳುತ್ತದೆ,
ಮೂಲೆಗೊಂದು ಇಂಗುಗುಂಡಿ, ಅದರ ಪಕ್ಕ
ಒಂದು ಮರ. ಮರಕ್ಕೆಂದೇ ಮೊದಲು ನನ್ನ ಹತ್ತಿರ ರಬ್ಬರ್ ಸ್ಟಾಂಪಿತ್ತು;
ಈಗ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಚಿಗುರುತ್ತದೆ.

ಮೇಸ್ತ್ರಿಯ ನಕ್ಷೆಯಲ್ಲಿ ಗಾಳಿಗೆ ಜಾಗವಿಲ್ಲ.
ಗೋಡೆ ಗಡಿಗಲ್ಲಿನ ನೆತ್ತಿಯ ಮೇಲೇ ಏಳುತ್ತದೆ,
ಮಹಡಿಗೊಂದು ಅಡಿಯಂತೆ ರಸ್ತೆಗೆ ಬಾಗುತ್ತದೆ,
ಕರೆಂಟಿನ ತಂತಿಯನ್ನು ಮಾತಾಡಿಸುವಷ್ಟು.

ಇಪ್ಪತ್ತೆಂಟು ವರ್ಷ. ಸುಂಕದಕಟ್ಟೆಯಲ್ಲಿ,
ಜೆರಾಕ್ಸ್ ಅಂಗಡಿಯ ಮೇಲಿನ ಒಂಬತ್ತಡಿ ಕೋಣೆಯಲ್ಲಿ.
ಮೊದಲು ಟ್ರೇಸಿಂಗ್ ಹಾಳೆ, ಅಮೋನಿಯಾ ನಾತದ ನೀಲಿ ಪ್ರತಿ
(ಬಸುರಿಯಾಗಿದ್ದಾಗ ಆ ವಾಸನೆ ತಾಳದೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ),
ಆಮೇಲೆ ಸೀಡಿ, ಆಮೇಲೆ ಆನ್‌ಲೈನು.
ಆನ್‌ಲೈನಾದ ಮೇಲೆ
ಸರ್ವರಿಗೂ ಊಟದ ವಿರಾಮ.

ಹೋದ ವರ್ಷ ಹಿಟ್ಟಿನ ಗಿರಣಿಯ ಪುಟ್ಟಹೊನ್ನಮ್ಮ ಬಂದಳು.
ರೆಪ್ಪೆಯ ಮೇಲೆ ರಾಗಿಹಿಟ್ಟು, ಗೋಣಿಚೀಲದಲ್ಲಿ
ಕ್ರಯಪತ್ರ, ಖಾತಾ, ತೆರಿಗೆಯ ರಸೀತಿ.
ಇಪ್ಪತ್ತು ಮೂವತ್ತರ ಸೈಟು.
ಎಂದಿನಂತೆ ಎರಡನ್ನೂ ಮೇಜಿನ ಮೇಲೆ ಹರಡಿದೆ.
ಅವಳಿಗೆ ಅಕ್ಷರ ಬಾರದು, ಗೆರೆ ಬರುತ್ತದೆ.
ಬೆರಳು ಪಾಲಿಕೆಯ ನಕ್ಷೆಯ ಮೇಲೆ ಹೋಗಿ ನಿಂತಿತು.
'ಇದು ಚೆನ್ನಾಗೈತಲ್ಲ, ಇದನ್ನೇ ಕಟ್ಟಿಸನ.'

ಅದು ಕಟ್ಟೋದಕ್ಕಲ್ಲಮ್ಮ, ತೋರಿಸೋದಕ್ಕೆ, ಅಂದೆ.

'ತೋರ್ಸೋ ಮನೇಲಿ ಯಾರಿರ್ತಾರೆ?'

ಯಾರಿರುತ್ತಾರೆ!
ಕಡತದಲ್ಲಿ, ಕಬ್ಬಿಣದ ಕಪಾಟಿನಲ್ಲಿ, ಈಗ ಎಲ್ಲೋ ಮೋಡದಲ್ಲಿ
ನಾನು ಬರೆದ ಸಾವಿರದ ಮುನ್ನೂರು ಮನೆ,
ಅಷ್ಟೂ ಮರ, ಅಷ್ಟೂ ಇಂಗುಗುಂಡಿ,
ಒಂದೊಂದಕ್ಕೂ ಮೊಹರು, ಹಸಿರು ಶಾಯಿಯ ರುಜು.
ಇನ್ನೊಂದು ಇಡೀ ಬೆಂಗಳೂರು.
ಅಲ್ಲಿ ಇವತ್ತಿನವರೆಗೆ
ಒಬ್ಬರೂ ಹಾಲು ಉಕ್ಕಿಸಿಲ್ಲ.

ಮೇಸ್ತ್ರಿ ಕದಿರಪ್ಪ ನಕ್ಕ, ಬೀಡಿ ಆರಿಸಿ ಮತ್ತೆ ನಕ್ಕ.
'ಸುತ್ತಾ ಅಷ್ಟು ಬಿಟ್ಟರೆ ಒಂದು ರೂಮೇ ಹೋಯ್ತಮ್ಮ,
ತಿಂಗಳಿಗೆ ಏಳು ಸಾವಿರ ಬಾಡಿಗೆ, ಗಾಳಿಗೆ ಕೊಟ್ಟಂಗೆ.'
ಅವಳು ಸೆರಗಿನ ಹಿಟ್ಟು ಕೊಡವಿದಳು.
'ಮೂವತ್ತು ವರ್ಷ ಬೀಸೋ ಕಲ್ಲಿನ ಹತ್ರ ನಿಂತಿವ್ನಿ ಕಣಪ್ಪ.
ಕಲ್ಲಿಗೂ ಕಲ್ಲಿಗೂ ಸಂದಿಲ್ಲ ಅಂದ್ರೆ
ಹಿಟ್ಟು ಸೀದೋಗ್ತದೆ.'

ಪಾಯ ಎದ್ದ ಮೇಲೆ ಎಂಜಿನಿಯರು ಬಂದ, ಹೊಸ ಹುಡುಗ.
ಟೇಪು ಎಳೆದ. ನಕ್ಷೆ ನೋಡಿದ. ಮತ್ತೆ ಎಳೆದ.
ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ.
ಬೆವರು ಒರೆಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದ:
'ಮೇಡಂ, ನಿಜ ಹೇಳಿ, ಎಲ್ಲಿ ತಪ್ಪಿದೆ?'
ಅವನ ಫಾರಮಿನಲ್ಲಿ ಉಲ್ಲಂಘನೆಗೆ ಹನ್ನೊಂದು ಸಾಲಿತ್ತು.
ಅಷ್ಟನ್ನೂ ಖಾಲಿ ಬಿಡಲು ಕೈಬಾರದೆ
ಮರ ಇಲ್ಲ, ಎಂದು ಬರೆದ.

ಇಲ್ಲ, ನಿಜವೇ. ಮರ ಇರಲಿಲ್ಲ.
ಪಕ್ಕದ ಮನೆಯವನ ಬಚ್ಚಲ ಪೈಪು ಆಗಲೇ ಅರ್ಧ ಅಡಿ ಇತ್ತ ತೂರಿತ್ತು,
ಯಾರದೋ ಬೆಕ್ಕು ಉಳಿದ ಬಯಲಲ್ಲಿ ಮರಿ ಹಾಕಿತ್ತು.

ಪುಟ್ಟಹೊನ್ನಮ್ಮನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು
ನರ್ಸರಿಗೆ ಹೋದೆ.
ಯಾವ ಮರ ಬೇಕು ಮೇಡಂ, ಅಂದ ಅವನು.
ಸಾವಿರದ ಮುನ್ನೂರು ಮರ ನೆಟ್ಟವಳು
ಸಾಲು ಸಾಲು ಕಪ್ಪು ಚೀಲಗಳ ಎದುರು ನಿಂತೆ.
ಒಂದರ ಹೆಸರೂ ಗೊತ್ತಿರಲಿಲ್ಲ.

ದುಂಡಗಿರುತ್ತೆ, ಅಂದೆ.
ಮೇಲಿನಿಂದ ನೋಡಿದರೆ.